ದುಭಾಷಿ ಎಸ್ನಾತಿ ನ್ಯಾಯಾಧೀಶೆಯಾದದ್ದು

ಎಸ್ನಾತಿ ಕಲೂವಾ ಚೋಲೋದ ಚಹಾ ತೋಟದಲ್ಲಿ ಎಲೆ ಬಿಡಿಸುವವಳ ಮಗಳು. ಇಪ್ಪತ್ತೊಂದನೇ ವಯಸ್ಸಿಗೆ ಒಂದು ಸಣ್ಣ ಕೋರ್ಟಿನಲ್ಲಿ ದುಭಾಷಿಯಾದಳು. ಕಟಕಟೆಯಲ್ಲಿ ನಿಂತವರು ಚಿಚೆವಾ ಭಾಷೆಯಲ್ಲಿ ಹೇಳಿದ್ದನ್ನು ಮ್ಯಾಜಿಸ್ಟ್ರೇಟರಿಗೆ ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ.

ಒಮ್ಮೆ ಮೆಕ್ಕೆಜೋಳ ಕದ್ದಳೆಂದು ವಿಧವೆಯೊಬ್ಬಳನ್ನು ಕರೆತಂದರು. ಗಂಡ ಸತ್ತೊಡನೆ ಮೈದುನರು ಹೊಲ ತಮ್ಮದೆಂದಿದ್ದರು. ತೆನೆ ಮುರಿದೆಯಾ ಎಂದು ಕೇಳಿದ್ದಕ್ಕೆ ಅವಳು, ಬಿತ್ತಿದವಳೂ ನಾನೇ, ಕಳೆ ಕಿತ್ತವಳೂ ನಾನೇ, ಮುರಿದವಳೂ ನಾನೇ ಎಂದಳು. ಎಸ್ನಾತಿ ಅಷ್ಟನ್ನೂ ಹೇಳಿದಳು. ಹೌದೋ ಇಲ್ಲವೋ, ಅಷ್ಟೇ ಸಾಕೆಂದರು ಮ್ಯಾಜಿಸ್ಟ್ರೇಟರು.

“ಬರೀ ಹೌದು ಅಂದ್ರೆ ಅದು ನನ್ನ ಮಾತಾಗುತ್ತೆ ಸ್ವಾಮಿ, ಅವಳದಲ್ಲ.”

ವಿಧವೆಗೆ ಮೂರು ತಿಂಗಳ ಸಜೆಯಾಯಿತು. ಎಸ್ನಾತಿಗೆ ದೂರದೂರಿಗೆ ವರ್ಗವಾಯಿತು. ಮ್ಯಾಜಿಸ್ಟ್ರೇಟರ ಅಂಥ ಕುರ್ಚಿಯಲ್ಲಿ ತಾನೇ ಕೂರಬೇಕೆಂದು ಅಂದೇ ನಿಶ್ಚಯಿಸಿದಳು. ಇಪ್ಪತ್ತೇಳಕ್ಕೆ, ಬೆನ್ನಿಗೆ ಮಗು ಕಟ್ಟಿಕೊಂಡು, ಜೊಂಬಾದಲ್ಲಿ ಕಾನೂನು ಓದಲು ಸೇರಿದಳು.

ನಾನು ಬ್ಲಾಂಟೈರಿನ ಹೈಕೋರ್ಟಿನಲ್ಲಿ ಬಾಗಿಲು ಕಾಯುವವನು. ಆಕೆ ನಮ್ಮಲ್ಲಿಗೆ ಬಂದಾಗ ಐವತ್ತರ ಹತ್ತಿರ. ಮೊದಲ ದಿನವೇ ಹಿರಿಯ ವಕೀಲರೊಬ್ಬರು ಅವರ ಕೈಗೆ ಫೈಲು ಕೊಟ್ಟು, ಜಡ್ಜ್ ಸಾಹೇಬರ ಮೇಜಿನ ಮೇಲೆ ಇಟ್ಟು ಬಾಮ್ಮ ಎಂದರು. ಆಕೆ ಇಟ್ಟರು. ಆಮೇಲೆ ನಿಲುವಂಗಿ ತೊಟ್ಟು ಬಂದು ಆ ಮೇಜಿನ ಹಿಂದೆಯೇ ಕೂತರು. ವಕೀಲರ ಮುಖ ನೋಡಬೇಕಿತ್ತು.

ಎರಡನೇ ವರ್ಷ ಮತ್ತೊಬ್ಬ ವಿಧವೆಯ ದಾವೆ ಬಂತು. ಗಂಡನ ಅಣ್ಣತಮ್ಮಂದಿರು ಮಾಡಿನ ತಗಡನ್ನೂ ಬಿಡದೆ ಕಿತ್ತೊಯ್ದಿದ್ದರು. ತೀರ್ಪಿಗೆ ಮೊದಲು ಎಸ್ನಾತಿಯವರ ಸೋದರಮಾವ ಲಾಸ್ಟನ್ ಕಂಕುಳಲ್ಲಿ ಕೋಳಿ ಹಿಡಿದು ಅವರ ಕೊಠಡಿಗೆ ಬಂದರು. ನಮ್ಮಲ್ಲಿ ಮನೆತನಕ್ಕೆ ಸೋದರಮಾವನೇ ಯಜಮಾನ; ಅವನ ಮಾತು ಮೀರುವವರಿಲ್ಲ.

“ಆ ಹುಡುಗರು ನನ್ನ ಜೊತೆ ಚರ್ಚಲ್ಲಿ ಕೂರೋರು ಕಣೆ. ಸ್ವಲ್ಪ ನೋಡ್ಕೋ.”

“ಇದನ್ನ ನಾಳೆ ಎಲ್ಲರೆದುರಿಗೆ ಹೇಳ್ಬೇಕಾಗುತ್ತೆ ಮಾವ.”

“ನನ್ನ ಮಾನ ಕಳೀತೀಯಾ?”

“ಮಾತಾಡಿದ್ದು ನೀವು.”

ಕೋಳಿ ಬಂದ ದಾರಿಯಲ್ಲೇ ಹೋಯಿತು. ಮರುದಿನ ಆಕೆ ತುಂಬಿದ ಕೋರ್ಟಿನಲ್ಲಿ ಮಾವನ ಹೆಸರು ಹೇಳಿ, ಯಾರಿಗಾದರೂ ಆಕ್ಷೇಪವಿದ್ದರೆ ಬೇರೆ ನ್ಯಾಯಾಧೀಶರು ಕೇಳಲಿ ಎಂದರು. ಎರಡೂ ಕಡೆಯ ವಕೀಲರು ಬೇರೆಯವರು ಬೇಡ, ನೀವೇ ಕೇಳಿ ಎಂದರು. ವಾರದಲ್ಲಿ ತೀರ್ಪಾಯಿತು: ಮನೆ ವಿಧವೆಯದು, ತಗಡಿನಿಂದ ಒರಳಿನವರೆಗೆ ಎಲ್ಲವೂ ಹದಿನಾಲ್ಕು ದಿನದೊಳಗೆ ವಾಪಸು ಬರಬೇಕು. ಬಂತು ಕೂಡ.

ಬಂಧುಗಳು ಮಾತ್ರ ಮುಖ ತಿರುಗಿಸಿದರು. ಸಾವಿನ ಮನೆಗೆ ಹೋದರೆ ಚಾಪೆಯಲ್ಲಿ ಜಾಗ ಬಿಡುತ್ತಿರಲಿಲ್ಲ. ಆಕೆ ಒಂದು ಸಾವನ್ನೂ ತಪ್ಪಿಸಲಿಲ್ಲ. ನೇರ ಒಲೆಯ ಬಳಿ ಹೋಗಿ, ಸೊಂಟದ ಬಟ್ಟೆ ಬಿಗಿದು, ಹಂಡೆಯ ಮುದ್ದೆ ತಿರುವುತ್ತಿದ್ದರು. ಒಳಗೆ ನೊಂದಿದ್ದರು, ಕಾರಿನಲ್ಲಿ ಜೊತೆಗೆ ಹೋಗುತ್ತಿದ್ದ ನನಗೆ ಗೊತ್ತು.

ಮೂರನೇ ವರ್ಷ ಅಂಥದೇ ಒಂದು ಮನೆಯಲ್ಲಿ ಮಾವ ಕೋಲೂರಿಕೊಂಡು ಒಲೆಯ ಹತ್ತಿರ ಬಂದು ನಿಂತರು.

“ತಳ ಹಿಡೀತಿದೆ ಜಡ್ಜಮ್ಮ. ಸರಿಯಾಗಿ ತಿರುವು.”

ಹೆಂಗಸರೆಲ್ಲ ನಕ್ಕರು. ಒಬ್ಬಳು ಚಾಪೆಯಲ್ಲಿ ಸರಿದು ಆಕೆಗೆ ಜಾಗ ಬಿಟ್ಟಳು.