ಪುಟ್ಟತಾಯಮ್ಮನ ಬೀದಿ

ದೇವೀರಮ್ಮ, ನಿಮಗೇ ಬರೆಯುತ್ತಿದ್ದೇನೆ: ಅವಳು ಬಂದಿದ್ದಳು. ನನ್ನ ಮನೆಯ ಬಾಗಿಲು ತೆರೆದೇ ಇತ್ತು. ಬೀಗ ಹಾಕಿರಲಿಲ್ಲ, ನಾನು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ — ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆ. ಏಳು ತಿಂಗಳ ಬಸುರಿ, ನನ್ನ ಒಬ್ಬಳೇ ತಂಗಿ ಪುಟ್ಟತಾಯಿ, ಬಾಣಂತನಕ್ಕೆಂದು ತವರಿಗೆ ಬಂದವಳನ್ನು ಹೊಸ್ತಿಲಿನಿಂದಲೇ ವಾಪಸ್ ಕಳಿಸಿದೆ.

ಇಷ್ಟು ನಿಮಗೆ ಗೊತ್ತಿದೆ. ನಿಮಗೆ ಗೊತ್ತಿದೆ ಎಂಬುದು ನನಗೂ ಗೊತ್ತಿದೆ. ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ — ನಿಮ್ಮ ಗಂಡ ಸಣ್ಣಪ್ಪನಿಗೆ ನಾನು ಹೇಳಿದ ಒಂದು ಮಾತು. ಅದನ್ನು ಬರೆಯಲು ಕೂತರೆ ಅದೊಂದನ್ನೇ ಬರೆಯಲು ಆಗುತ್ತಿಲ್ಲ. ಮೊದಲಿನಿಂದ ಬರೆಯಬೇಕಾಗಿದೆ.

ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿತ್ತು. ನಮ್ಮೂರಿನ ಪುರಸಭೆಗೆ ಚುನಾವಣೆ ಬಂತು. ಬೆಲ್ಲದ ಮಂಡಿ ಇಟ್ಟುಕೊಂಡು ನಾಲ್ಕು ಜನರ ಬಾಯಲ್ಲಿ ಗೌಡರೇ ಅನ್ನಿಸಿಕೊಂಡಿದ್ದ ನನಗೆ ಮೆಂಬರಾಗುವ ಆಸೆ ಹತ್ತಿತು. ಹೊಳೆಬೀದಿಯ ಓಟು ನನ್ನದೇ ಎಂದುಕೊಂಡಿದ್ದೆ. ತಂಗಿಯನ್ನು ಕೊಟ್ಟ ಬೀದಿ ಅದು. ಆದರೆ ಅವಳ ಗಂಡ ಸಣ್ಣಪ್ಪ — ಆಗಿನ್ನೂ ಅವಳ ಗಂಡ, ನಿಮ್ಮವನಲ್ಲ — ನನ್ನ ಎದುರಾಳಿಯ ಪರವಾಗಿ ಮನೆಮನೆ ಹತ್ತಿ ಇಳಿದ. ಕಾಫಿ ಹೋಟೆಲಿನಲ್ಲಿ ಹತ್ತು ಜನರ ಮುಂದೆ, "ಬೆಲ್ಲ ತೂಗೋ ಕೈಗೆ ಊರು ಕೊಟ್ರೆ ಅದ್ನೂ ತೂಗಿ ಮಾರ್ತಾನೆ ಕಣ್ರಲಾ ನಮ್ ಬಾವ," ಅಂದನಂತೆ. ಜನ ನಕ್ಕರಂತೆ. ಹನ್ನೊಂದು ಓಟಿನಲ್ಲಿ ಸೋತೆ. ಸೋತದ್ದನ್ನು ಮರೆತೇನು, ಆ ನಗುವನ್ನು ಮರೆಯಲಾಗಲಿಲ್ಲ. ಮಂಡಿಯಲ್ಲಿ ಯಾರಾದರೂ ಬೇರೆ ಯಾವುದಕ್ಕೋ ನಕ್ಕರೂ ನನಗೆ ಮೈ ಉರಿಯುತ್ತಿತ್ತು.

ಪುಟ್ಟತಾಯಿಗೆ ಏಳು ತುಂಬಿತು. ಚೊಚ್ಚಲ ಬಸುರಿ. ನಾನು ಹೋಗಿ, ಮಡಿಲು ತುಂಬಿಸಿ, ಗಾಡಿ ಕಟ್ಟಿಸಿಕೊಂಡು ಕರೆತರಬೇಕಾದದ್ದು. ಹೋಗಲಿಲ್ಲ. ಅತ್ತೆಯಿಲ್ಲದ ಮನೆ ಅವಳದು, ನೋಡಿಕೊಳ್ಳುವ ಹೆಣ್ಣುದಿಕ್ಕು ಒಂದೂ ಇಲ್ಲ. ಅದೂ ನನಗೆ ಗೊತ್ತಿತ್ತು. ಕಾದು ಕಾದು ಕೊನೆಗೆ ಅವಳೇ ಬಂದಳು. ಸಣ್ಣಪ್ಪ ಟ್ರಂಕು ಹೊತ್ತುಕೊಂಡು ನಮ್ಮ ಬೀದಿಯ ತಿರುವಿನವರೆಗೆ ಬಂದು, ನನ್ನ ಮುಖ ನೋಡಲು ಇಷ್ಟವಿಲ್ಲದೆ ಅಲ್ಲಿಂದಲೇ ತಿರುಗಿ ಹೋಗಿದ್ದ. ಅವಳು ಟ್ರಂಕನ್ನು ತಾನೇ ಎತ್ತಿಕೊಂಡು ಬಂದು ಜಗಲಿಯ ಮೇಲಿಟ್ಟಳು. ನನ್ನ ಹೆಂಡತಿ ಮೊಸಳೆ ಎಂಬ ಊರಿನ ತನ್ನ ತವರಿಗೆ ಮದುವೆಗೆ ಹೋಗಿದ್ದಳು. ಅವಳಿದ್ದಿದ್ದರೆ — ಇಲ್ಲ, ಅದನ್ನು ಬರೆಯಬಾರದು. ಇದ್ದವನು ನಾನು.

"ನಿನ್ ಗಂಡ ಬಂದು ಈ ಜಗ್ಲಿ ಮೇಲೆ ಕೂತ್ಕಂಡು ತಪ್ಪಾಯ್ತು ಅನ್ಲಿ," ಅಂದೆ. "ಆಮೇಲೆ ನೀನು ಒಳೀಕೆ ಬಾ."

"ಅವ್ರು ಬರಾಕಿಲ್ಲ ಕಣಣ್ಣ."

"ಅಂಗಾರೆ ನೀನೂ ಬರ್ಬ್ಯಾಡ."

ಅವಳು ಅಳಲಿಲ್ಲ. ಒಂದು ಲೋಟ ನೀರು ಕೇಳಿದಳು. ಕೊಟ್ಟೆ. ನಿಂತುಕೊಂಡೇ ಕುಡಿದು, ಲೋಟವನ್ನು ಕೆಳಗಿಟ್ಟು, ಟ್ರಂಕು ಎತ್ತಿಕೊಂಡು ಹೊರಟಳು. ಎರಡು ದಿನ ಬಿಟ್ಟು ಮತ್ತೆ ಬರುತ್ತಾಳೆ, ಈ ಸಲ ಅವನನ್ನೂ ಎಳೆದುಕೊಂಡು ಬರುತ್ತಾಳೆ, ಅವನು ತಲೆ ತಗ್ಗಿಸಿ ನಿಲ್ಲುತ್ತಾನೆ — ಇದನ್ನೇ ನೆನೆದುಕೊಂಡು ಆ ಸಂಜೆ ನಾನು ಬಹಳ ಸಂತೋಷದಲ್ಲಿದ್ದೆ. ಹೌದು, ಸಂತೋಷ. ಬೇರೆ ಹೆಸರು ಕೊಡುವುದಿಲ್ಲ.

ಅವಳು ಬರಲಿಲ್ಲ. ತಿಂಗಳು ತುಂಬುವ ಮೊದಲೇ ನೋವು ಬಂತು. ಆ ಮನೆಯಲ್ಲಿ ಸೂಲಗಿತ್ತಿ ಹೊನ್ನಜ್ಜಿ ಒಬ್ಬಳೇ. ತಾಯಿಯೂ ಹೋದಳು, ಮಗುವೂ ಹೋಯಿತು.

ಮಣ್ಣು ಮಾಡುವ ದಿನ ಹೊಳೆದಂಡೆಯಲ್ಲಿ ಅರ್ಧ ಊರು ಸೇರಿತ್ತು. ಯಾರೋ ಒಬ್ಬರು ಸಣ್ಣಪ್ಪನನ್ನು ಕೇಳಿಯೇ ಬಿಟ್ಟರು, ಚೊಚ್ಚಲ ಹೆರಿಗೆಗೆ ತವರಿಗೆ ಯಾಕೆ ಕಳಿಸಲಿಲ್ಲ ಎಂದು. ಅವನು ನನ್ನ ಕಡೆ ತಿರುಗಿ, "ಕಳ್ಸಿದ್ದೆ. ನಾನೇ ತಿರುವಿನ ತಂಕ ಬಿಟ್ಬಂದಿದ್ದೆ. ಬಾವುನ್ ಮನೆ ಬೀಗ ಆಕಿತ್ತು ಅಂತ ವಾಪಸ್ ಬಂದ್ಬುಟ್ಲು," ಅಂದ.

ಆಗ ನನಗೆ ಗೊತ್ತಾಯಿತು — ಅವಳು ಗಂಡನ ಹತ್ತಿರ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಅಣ್ಣ ಹೊರಗೆ ಹಾಕಿದ ಎನ್ನುವ ಬದಲು ಅಣ್ಣ ಊರಲ್ಲಿಲ್ಲ ಅಂದಿದ್ದಳು. ನನ್ನ ಮಾನ ಉಳಿಸಲು ಹೇಳಿದ ಸುಳ್ಳು ಅದು. ಅವಳ ಹೆಣ ಅಲ್ಲೇ ಎದುರಿಗಿತ್ತು. ನಾನು ಏನು ಮಾಡಿದೆ ಗೊತ್ತೆ? ಆ ಸುಳ್ಳನ್ನೇ ಎತ್ತಿಕೊಂಡು ಅವಳ ಗಂಡನ ಮೇಲೆ ಎಸೆದೆ. "ನಾನು ಊರಲ್ಲೇ ಇದ್ದೆ. ಒಂದಿನಾನೂ ಬೀಗ ಆಕಿಲ್ಲ. ಯಾರೂ ಬರ್ಲಿಲ್ಲ," ಅಂದೆ. ಅಕ್ಕಪಕ್ಕದವರು ಹೌದು ಅಂದರು. ನನ್ನ ಬಾಗಿಲು ತೆರೆದದ್ದನ್ನು ಅವರು ದಿನವೂ ನೋಡಿದ್ದರಲ್ಲ. ಅವಳು ಬಂದದ್ದನ್ನು ಆ ಮಧ್ಯಾಹ್ನ ಯಾರೂ ನೋಡಿರಲಿಲ್ಲ. ಅಲ್ಲಿಂದಾಚೆಗೆ ಊರಿನ ಲೆಕ್ಕದಲ್ಲಿ ಸಣ್ಣಪ್ಪ ಹೆಂಡತಿಯನ್ನು ಬಾಣಂತನಕ್ಕೆ ಕಳಿಸದೆ ಕೊಂದವನು, ಮೇಲೆ ಸುಳ್ಳನೂ ಹೌದು. ಕಾಫಿ ಹೋಟೆಲಿನಲ್ಲಿ ಅವನು ಕೂತ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರು ಎಂದು ಕೇಳಿದೆ. ಕೇಳಿ ತಣ್ಣಗಾದೆ.

ಮುಂದಿನ ಚುನಾವಣೆಯಲ್ಲಿ ನಾನು ಗೆದ್ದೆ. ತಂಗಿಯನ್ನು ಕಳೆದುಕೊಂಡವನೆಂದು ಹೊಳೆಬೀದಿಯ ಹೆಂಗಸರೆಲ್ಲ ಓಟು ಹಾಕಿದರು. ಅಷ್ಟಕ್ಕೆ ಸಾಕು ಅನ್ನಬಹುದಿತ್ತು — ಆದರೆ ಅವನು ಆ ವೇಳೆಗೆ ಹಳೇಕೋಟೆ ಕಡೆಯಿಂದ ನಿಮ್ಮನ್ನು ಮದುವೆಯಾಗಿ ತಂದಿದ್ದ. ಅವನ ಜಗಲಿಯಲ್ಲಿ ಮತ್ತೆ ರಂಗೋಲಿ ಕಂಡಿತು. ಅದು ನನ್ನ ಕಣ್ಣಿಗೆ ಚುಚ್ಚಿತು.

ಪುರಸಭೆಯ ಸಭೆ ಅಂದರೆ ಏನು, ನೀವು ಕಂಡಿಲ್ಲ. ಚರಂಡಿ, ಬೀದಿದೀಪ, ಸಂತೆಮಾಳದ ಹರಾಜು, ದೊಡ್ಡಿಗೆ ಹೊಡೆದ ದನ. ಗುಮಾಸ್ತರು ಓದುತ್ತಾರೆ, ನಾವು ತೂಕಡಿಸುತ್ತೇವೆ, ಕೊನೆಗೆ ಒಪ್ಪಿದೆ ಅನ್ನುತ್ತೇವೆ. ಹೀಗಿರುವಾಗ ಒಂದು ತಿಂಗಳು ಬೀದಿಗಳಿಗೆ ಹೆಸರಿಡುವ ವಿಷಯ ಬಂತು. ಅಂಚೆಯವರಿಗೆ ಗೊಂದಲವಾಗುತ್ತಿದೆ, ಪ್ರತಿ ಮೆಂಬರೂ ತಮ್ಮ ವಾರ್ಡಿನ ಬೀದಿಗೆ ಒಂದು ಹೆಸರು ತನ್ನಿ ಅಂದರು. ಎಲ್ಲರೂ ದೇವರ ಹೆಸರು, ದೇಶದ ನಾಯಕರ ಹೆಸರು ತಂದರು. ನಾನು ಹೊಳೆಬೀದಿಗೆ ಪುಟ್ಟತಾಯಮ್ಮನ ಬೀದಿ ಎಂದು ಬರೆದುಕೊಟ್ಟೆ.

ಅಧ್ಯಕ್ಷರು ಕನ್ನಡಕ ತೆಗೆದು, "ಆಯಮ್ಮ ಊರಿಗೆ ಏನು ಮಾಡಿದ್ರು ಗೌಡ್ರೇ?" ಅಂದರು.

"ಬಾಣಂತನ ಇಲ್ದೆ ಸತ್ಲು. ಇನ್ನೊಂದು ಎಣ್ಮಗೀಗೆ ಅಂಗಾಗ್ದೆ ಇರ್ಲಿ ಅಂತ. ಅಷ್ಟು ಸಾಲ್ದಾ?" ಅಂದೆ.

ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡರು. ಸರ್ವಾನುಮತ. ತಿಂಗಳೊಳಗೆ ಆಕ್ಷೇಪಣೆ ಇದ್ದವರು ತಿಳಿಸಬೇಕೆಂದು ನೋಟಿಸು ಅಂಟಿಸಿದರು. ಸಣ್ಣಪ್ಪ ಬಂದು ಬೇಡ ಅಂದರೆ, ಸತ್ತ ಹೆಂಡತಿಯ ಹೆಸರೂ ಇವನಿಗೆ ಬೇಡವಾಯಿತು ಎಂದು ಊರು ಉಗಿಯುತ್ತದೆ. ಬರದಿದ್ದರೆ ಬದುಕಿರುವವರೆಗೆ ಆ ಹೆಸರಿನಡಿ ಬದುಕುತ್ತಾನೆ. ಹೇಗೂ ಸಿಕ್ಕಿಬಿದ್ದ. ಒಂದು ತಿಂಗಳು ನನಗೆ ಹಬ್ಬದ ಹಾಗಿತ್ತು. ಅವನು ಬರಲಿಲ್ಲ.

ಹಾಸನದಲ್ಲಿ ಬರೆಸಿ ತಂದ ನೀಲಿ ತಗಡು, ಬಿಳಿ ಅಕ್ಷರ. ಫಲಕ ಬೀದಿಯ ತುದಿಯಲ್ಲಿ ಇರಬೇಕಾದದ್ದು. ಪುರಸಭೆಯ ಜವಾನನ ಜೊತೆ ನಾನೇ ಹೋದೆ. ನಿಮ್ಮ ಮನೆಯ ಗೋಡೆ ತೋರಿಸಿದೆ, ಬಾಗಿಲಿನ ಪಕ್ಕಕ್ಕೇ. "ತುದಿ ಮನೆ ಅದಲ್ವಾ ಸಾ, ಇದು ನಡುಕಿನ ಮನೆ," ಅಂದ ಅವನು.

"ಒಡಿ ಮೊಳೆ," ಅಂದೆ.

ನೀವು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿರಿ. ಕಂಕುಳಲ್ಲಿ ಕೂಸು. ಮೊಳೆ ಹೊಡೆದ ಸದ್ದಿಗೆ ಕೂಸು ಬೆಚ್ಚಿ ಅತ್ತಿತು, ನೀವು ಬೆನ್ನು ತಟ್ಟುತ್ತಾ ಅಲ್ಲೇ ನಿಂತಿದ್ದಿರಿ. ನಮ್ಮಲ್ಲಿ ಎರಡನೆಯವಳಾಗಿ ಬಂದವಳು ಮೊದಲನೆಯವಳ ತವರನ್ನೂ ತನ್ನ ತವರೆಂದೇ ತಿಳಿಯುವುದು ರೂಢಿ. ಗೌರಿ ಹಬ್ಬಕ್ಕೆ ನಿಮಗೆ ನನ್ನ ಮನೆಯಿಂದ ಬಾಗಿನ ಬರಬೇಕಿತ್ತು. ನನ್ನ ಮನೆಯಿಂದ ಬಂದದ್ದು ಆ ತಗಡು.

ಆರು ವರ್ಷದ ಮೇಲೆ ನೀವು ಪುರಸಭೆಗೆ ಬಂದಿರಿ, ಯಾರ ಕೈಯಲ್ಲೋ ಬರೆಸಿದ ಅರ್ಜಿ ಹಿಡಿದುಕೊಂಡು. ಹೆಸರು ಬದಲಾಯಿಸಿ ಎಂದು ನೀವು ಕೇಳಿರಲಿಲ್ಲ. ಫಲಕವನ್ನು ಬೀದಿಯ ತುದಿಗೆ ಹಾಕಿಸಿ, ಅಷ್ಟೇ. ನಾನು ವರಾಂಡದಲ್ಲಿ ಒಬ್ಬನೇ ಇದ್ದೆ. ನೀವು ನನ್ನನ್ನು ಅಣ್ಣಯ್ಯ ಅಂದಿರಿ.

"ಅಣ್ಣಯ್ಯ, ನಮ್ಮನೇರು ಮುಂಬಾಗ್ಲಲ್ಲಿ ಬಂದು ಆರು ವರ್ಸ ಆಯ್ತು. ಇತ್ಲ ಬಾಗ್ಲಲ್ಲೇ ಬತ್ತಾರೆ, ಇತ್ಲ ಬಾಗ್ಲಲ್ಲೇ ಓಯ್ತಾರೆ. ಮಕ್ಳು ಯಾಕಪ್ಪಯ್ಯ ಅಂತ ಕೇಳ್ತವೆ."

ನೀವು ದನಿ ತಗ್ಗಿಸಿದಿರಿ.

"ಆವತ್ತು ನಿಮ್ಮನೆ ಬಾಗ್ಲು ತೆಗ್ದಿತ್ತು ಅಂತ ನಂಗೊತ್ತು. ಅಕ್ಕ ನೋವು ತಿನ್ನುವಾಗ ಒನ್ನಜ್ಜಿ ತಾವ ಯೇಳ್ಕಂಡಿದ್ರಂತೆ. ನನ್ ಎರಿಗೆಗೆ ಬಂದಾಗ ಅಜ್ಜಿ ನಂಗೆ ಯೇಳುದ್ಲು. ನಾನು ಇವ್ರಿಗೆ ಯೇಳಿಲ್ಲ. ಯೇಳುದ್ರೆ ಮಚ್ಚು ಇಡ್ಕಂಡು ನಿಮ್ಮನೆಗೆ ಬತ್ತಾರೆ, ನನ್ ಮಕ್ಳು ತಬ್ಬಲಿ ಆಯ್ತವೆ. ಬೋರ್ಡು ಒಂದು ಆ ಕಡೀಕೆ ಆಕ್ಸಿ. ನಂಗಷ್ಟೇ ಸಾಕು."

ಅಷ್ಟು ದೊಡ್ಡದನ್ನು ಹಿಡಿದುಕೊಂಡು ನೀವು ಅಷ್ಟು ಸಣ್ಣದನ್ನು ಕೇಳಿದಿರಿ. ನನಗೆ ನಾಚಿಕೆಯಾಗಬೇಕಿತ್ತು. ಹುಟ್ಟಿದ್ದು ದ್ವೇಷ — ಈಗ ನಿಮ್ಮ ಮೇಲೂ. ನನ್ನ ಗುಟ್ಟು ಗೊತ್ತಿರುವ ಹೆಂಗಸು ನನ್ನ ಹತ್ತಿರ ಬೇಡುವುದೆಂದರೇನು? ಬೇಡುವವಳು ನೀವಾದರೂ ಕೈ ಮೇಲಿದ್ದದ್ದು ನಿಮ್ಮದು, ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಆ ತಿಂಗಳ ಸಭೆಯಲ್ಲಿ ನಿಮ್ಮ ಅರ್ಜಿ ಬಂದಾಗ ಸ್ಥಳ ಪರಿಶೀಲನೆ ಆಗಲಿ ಅಂದೆ. ಮುಂದಿನ ತಿಂಗಳು, ವರದಿ ಬರಲಿ ಅಂದೆ. ಅದರ ಮುಂದಿನ ತಿಂಗಳು, ಇನ್ನೊಂದು ಸಭೆಗೆ ಇಡಿ ಅಂದೆ. ಗುಮಾಸ್ತರು ಮೂರು ಸಲವೂ ಮುಂದೂಡಲಾಗಿದೆ ಎಂದು ಬರೆದರು. ನಾಲ್ಕು ಮೊಳೆ ಕಿತ್ತು ಮೂವತ್ತು ಹೆಜ್ಜೆ ಆಚೆ ಹೊಡೆಯುವ ಕೆಲಸ ಅದು.

ಆ ಮೂರು ತಿಂಗಳ ನಡುವೆ ಒಂದು ದಿನ ಸಣ್ಣಪ್ಪ ನನ್ನ ಮಂಡಿಗೆ ಬಂದ. ಇದು ನಿಮಗೆ ಗೊತ್ತಿಲ್ಲ. ಅವನು ಯಾರಿಗೂ ಹೇಳಿರಲಾರ. ತಲೆ ಅರ್ಧ ನೆರೆತಿತ್ತು. ನಾನು ಕಾದಿದ್ದ ಹಾಗೆಯೇ, ಅಷ್ಟು ವರ್ಷದ ಹಿಂದೆ ಪುಟ್ಟತಾಯಿಗೆ ಹೇಳಿದ್ದ ಹಾಗೆಯೇ, ತಲೆ ತಗ್ಗಿಸಿಕೊಂಡು ನಿಂತ.

"ತಪ್ಪಾಯ್ತು ಬಾವ," ಅಂದ. "ಓಟಿಂದು, ಕಾಪಿ ಓಟ್ಲಲ್ಲಿ ಆಡುದ್ದು, ಎಲ್ಲಾ ತಪ್ಪಾಯ್ತು. ಒಂದೇ ಮಾತು ಯೇಳ್ಬುಡು. ಆವತ್ತು ಅವ್ಳು ನಿಮ್ಮನೆ ತಾವ್ಕೆ ಬಂದಿದ್ಲಾ?"

ಅವನಿಗೆ ಬೇಕಾಗಿದ್ದದ್ದು ಜಗಳವಲ್ಲ ದೇವೀರಮ್ಮ. ಮಚ್ಚೂ ಅಲ್ಲ. ಅವಳು ತನ್ನ ಹತ್ತಿರ ಸುಳ್ಳು ಹೇಳಿದಳೋ ಇಲ್ಲವೋ — ತಿರುವಿನಿಂದ ಎಲ್ಲಿಗೆ ಹೋಗಿ ಬಂದಳು — ಅಷ್ಟು. ಹೌದು ಅಂದಿದ್ದರೆ, ಬಂದಿದ್ದಳು, ನಾನೇ ಕಳಿಸಿದೆ ಅಂದಿದ್ದರೆ, ಅವನು ನನ್ನನ್ನು ಹೊಡೆಯುತ್ತಿದ್ದನೋ ಏನೋ. ಆದರೆ ಆ ದಿನವೇ ಅವನು ಮುಂಬಾಗಿಲಿನಿಂದ ಮನೆಗೆ ಹೋಗುತ್ತಿದ್ದ.

ಅವನು ತಪ್ಪಾಯ್ತು ಅಂದದ್ದರ ರುಚಿ ಇನ್ನೂ ನನ್ನ ಬಾಯಲ್ಲಿತ್ತು. "ಇಲ್ಲ," ಅಂದೆ.

"ಅಂಗಾರೆ ಅವ್ಳೇ ಸುಳ್ಳಾಡುದ್ಲು," ಅಂದ. ನನ್ನನ್ನು ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಹೋದ.

ನಾಲ್ಕನೇ ಸಭೆಗೆ ವಾರವಿರುವಾಗ ಅವನು ಎದೆನೋವೆಂದು ಕೂತವನು ಏಳಲಿಲ್ಲ. ನಾನೂ ಬಂದಿದ್ದೆ, ಎದುರುಮನೆಯ ಜಗಲಿಯಲ್ಲಿ ನಿಂತಿದ್ದೆ. ಹೆಣವನ್ನು ಹಿತ್ತಿಲಿನಿಂದ ತರುವ ರೂಢಿಯಿಲ್ಲವಲ್ಲ. ಮುಂಬಾಗಿಲಿನಲ್ಲೇ, ಆ ನೀಲಿ ತಗಡಿನ ಪಕ್ಕದಲ್ಲೇ ತಂದರು. ಸಭೆಯಲ್ಲಿ ನಿಮ್ಮ ಅರ್ಜಿ ಬಂದಾಗ ನಾನೇ ಎದ್ದು ಮಂಜೂರು ಮಾಡಿ ಅಂದೆ. ಜವಾನ ಸುತ್ತಿಗೆ ಹಿಡಿದು ನಿಮ್ಮ ಮನೆಗೆ ಹೋದ. "ಇನ್ನು ಇರ್ಲಿ ಬುಡಪ್ಪ, ಅಡ್ಡ ಇದ್ದುದ್ದು ಅವ್ರಿಗೆ," ಅಂದಿರಂತೆ. ಅವನು ಬಂದು ಹಾಗೆಯೇ ಹೇಳಿದ.

ಇದೆಲ್ಲ ಕಳೆದು ಎಷ್ಟೋ ವರ್ಷವಾಯಿತು. ತಗಡು ಅಲ್ಲೇ ಇದೆ. ಪುಟ್ಟತಾಯಮ್ಮ ಅಂದರೆ ಜಾಗ ದಾನ ಕೊಟ್ಟ ಪುಣ್ಯಾತ್ಗಿತ್ತಿ ಎಂದು ಈಗಿನವರು ತಿಳಿದಿದ್ದಾರೆ. ನಿಮ್ಮ ಮಕ್ಕಳು ತಮ್ಮ ಅಪ್ಪನನ್ನು ಏನೆಂದು ತಿಳಿದಿದ್ದಾರೋ, ಅದನ್ನು ಕೇಳುವ ಧೈರ್ಯ ನನಗಿಲ್ಲ. ಸಣ್ಣಪ್ಪನ ಮೇಲಿನ ಸಿಟ್ಟು ಪೂರ್ತಿ ಹೋಯಿತೇ ಎಂದರೆ — ಇಲ್ಲ, ಇವತ್ತಿಗೂ ಆ ಹೋಟೆಲಿನ ನಗು ನೆನಪಾದರೆ ಹಲ್ಲು ಕಚ್ಚುತ್ತೇನೆ. ಸಿಟ್ಟು ಹೋದ ಮೇಲೆ ಬರೆಯೋಣವೆಂದು ಕಾಯುತ್ತಾ ಕೂತೇ ಇಷ್ಟು ತಡವಾದದ್ದು.

ನಿಮಗೆ ಓದಲು ಬರುವುದಿಲ್ಲ. ಮಕ್ಕಳಲ್ಲಿ ಯಾರಾದರೂ ಓದಿ ಹೇಳಬೇಕು. ಜಗಲಿಯ ಮೇಲೆ ಕೂತು ಓದಲಿ, ಗಟ್ಟಿಯಾಗಿ ಓದಲಿ, ಅಕ್ಕಪಕ್ಕದವರು ಬಂದರೆ ನಿಲ್ಲಿಸುವುದು ಬೇಡ. ಅವರ ಅಪ್ಪ ಸುಳ್ಳು ಹೇಳಲಿಲ್ಲ. ಪುಟ್ಟತಾಯಿ ಹೇಳಿದ್ದು ನನಗಾಗಿ.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದಿದ್ದೇನೆ. ಅದರ ಕೆಳಗೆ ಬೀದಿಯ ಹೆಸರು ಬರೆಯಬೇಕು. ಅವಳು ಹೊಸ್ತಿಲಿನಿಂದ ಹೋದ ದಿನದಿಂದ ನಾನು ಅವಳಿಗೆ ಬರೆಯುತ್ತಿರುವ ಮೊದಲ ಕಾಗದದ ಹಾಗೆ ಕಾಣುತ್ತಿದೆ ಆ ವಿಳಾಸ. ಅರ್ಧ ಗಂಟೆಯಿಂದ ಲೇಖನಿ ಹಿಡಿದು ಕೂತಿದ್ದೇನೆ. ಬರೆದು, ನಾನೇ ನಡೆದುಹೋಗಿ ಅಂಚೆಗೆ ಹಾಕಿ ಬರುತ್ತೇನೆ.