ಹಿಂದಿನ ಗಲ್ಲಿಯ ಹದಿನೈದು ನಿಮಿಷ

ಬೆಳಗಿನ ಐದೂವರೆ. ಮುಂದಿನ ರಸ್ತೆಯಲ್ಲಿ ಹೋದರೆ ಕಾರ್ಖಾನೆಗೆ ಆರೇ ನಿಮಿಷ. ಡಬ್ಬಿ ಅಕ್ಕ ಹಿಂದಿನ ಗಲ್ಲಿ ಹಿಡಿದು, ಚರಂಡಿ ದಾಟಿ, ಹದಿನೈದು ನಿಮಿಷ ನಡೆಯುತ್ತಾರೆ, ಚಪ್ಪಲಿ ಸದ್ದಾಗದಂತೆ. ಕದ್ದವರಲ್ಲ, ಯಾರ ಮನೆಯನ್ನೂ ಮುರಿದವರಲ್ಲ. ಒಂದು ಸಿಹಿಸುದ್ದಿ ಹಂಚಿದ್ದಾರೆ, ಅಷ್ಟೇ.

ಇಪ್ಪತ್ತೊಂದು ವರ್ಷದಿಂದ ರಟ್ಟಿನ ಡಬ್ಬಿ ಮಡಚುವ ಕೆಲಸ. ದಿನಕ್ಕೆ ಸಾವಿರದ ಎಂಟುನೂರು ಡಬ್ಬಿ. ಅಂಟು ಹಿಡಿದಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡುವವರಲ್ಲ. ಮೂಲೆಗೆ ಹೆಬ್ಬೆರಳು ಒತ್ತಿದರೆ ತಿಳಿಯುತ್ತದೆ. ಆ ಬೆರಳಿನ ತುದಿಯಲ್ಲಿ ಈಗ ಗೆರೆಗಳೇ ಇಲ್ಲ. "ಹಾಜರಿ ಮೆಷಿನ್‌ಗೆ ನನ್ನ ಗುರುತೇ ಸಿಗಲ್ಲ," ಎಂದು ನಗುತ್ತಾರೆ. "ಕಿರುಬೆರಳು ಕೊಟ್ಟು ಒಳಗೆ ಹೋಗ್ತೀನಿ."

ಹೋದ ವರ್ಷ ಕಂಪನಿಗಳ ತೆರಿಗೆ ಇಳಿಯಿತು. ಮಾಲೀಕರು ಎಲ್ಲರಿಗೂ ಟೀ ಕುಡಿಸಿ, "ಇನ್ನು ಹತ್ತು ಜನರನ್ನ ತಗೋತೀವಿ, ನಿಮ್ಮ ಕಡೆಯವರಿದ್ರೆ ಹೇಳಿ," ಅಂದರು. ಅಂದು ಸಂಜೆಯೇ ಅಕ್ಕ ಬೀದಿಯ ಒಂದೊಂದು ಮನೆಗೂ ಹೋಗಿ ಬಂದರು. ಮುಂದಿನ ರಸ್ತೆಯ ಮೂಲೆಮನೆಯಾಕೆ, ಅಕ್ಕನಿಗೆ ತಂಗಿಯಂಥವಳು, ಹಾಸ್ಟೆಲ್ಲಿನ ಅಡುಗೆ ಕೆಲಸ ಬಿಟ್ಟೇಬಿಟ್ಟಳು. "ಯೋಚನೆ ಮಾಡೇ ಅನ್ಬೇಕಿತ್ತು ನಾನು. 'ನಾಳೆನೇ ಬಿಡೇ, ಆಮೇಲೆ ಸೀಟು ತುಂಬಿಬಿಡುತ್ತೆ' ಅಂದೆ," ಎಂದು ಅಕ್ಕ ಈಗ ಪೇಚಾಡುತ್ತಾರೆ.

ಜನ ಬರಲಿಲ್ಲ, ಮೆಷಿನ್ ಬಂತು. ಅಕ್ಕನ ಇಡೀ ದಿನದ ಕೆಲಸ ಅದಕ್ಕೆ ಅರ್ಧ ಗಂಟೆ. ಮಡಚುವ ಹದಿನಾಲ್ಕು ಜನರಲ್ಲಿ ಐವರು ಉಳಿದರು. ಅಕ್ಕನನ್ನು ಉಳಿಸಿದ್ದು ಆ ಹೆಬ್ಬೆರಳು. ಮೆಷಿನ್ ಮಾಡುವ ತಪ್ಪು ಹುಡುಕಲು ಅದು ಬೇಕು. ಹೊಸ ಕೆಲಸ ಹುಟ್ಟಲೇ ಇಲ್ಲ ಎಂದೇನಲ್ಲ. ತಿಂಗಳಿಗೊಮ್ಮೆ ರಿಪೇರಿಗೆ ಒಬ್ಬರು ಬೇರೆ ಊರಿನಿಂದ ಬಂದು ಹೋಗುತ್ತಾರೆ.

ಮಾಲೀಕರೂ ಮಾತಾಡುವಾಗ ಕಣ್ಣು ತಪ್ಪಿಸುತ್ತಾರೆ. "ಅವತ್ತು ಸುಳ್ಳು ಹೇಳಲಿಲ್ಲ. ತೆರಿಗೆ ದುಡ್ಡು ಉಳೀತು, ನಿಜ. ಆರ್ಡರ್ ಮಾತ್ರ ಒಂದೂ ಹೆಚ್ಚಲಿಲ್ಲ. ಪಕ್ಕದ ಕಾರ್ಖಾನೆಯೋರು ಮೆಷಿನ್ ಹಾಕಿ ರೇಟು ಇಳಿಸಿದ್ರು. ನಾನೇನು ಮಾಡ್ಲಿ?"

ಅಕ್ಕ ಇನ್ನೂ ನೇರ. "ತೆರಿಗೆ ಇಳಿದ ಮಾತ್ರಕ್ಕೆ ಡಬ್ಬಿ ಕೊಳ್ಳೋರು ಹುಟ್ಕೋತಾರಾ? ಕೊಳ್ಳೋರಿದ್ರೆ ತಾನೇ ಮಡಚೋರು ಬೇಕು! ಇಷ್ಟು ಸಣ್ಣ ವಿಷಯ ಅವತ್ತು ನನ್ನ ತಲೆಗೆ ಹೊಳೀಲಿಲ್ಲ."

ಹಾಸ್ಟೆಲ್ಲಿಗೆ ಅಷ್ಟರಲ್ಲಿ ಬೇರೆ ಅಡುಗೆಯವರು ಬಂದಿದ್ದರು. ಮೂಲೆಮನೆಯಾಕೆ ಈಗ ಮೂರು ಕಟ್ಟಡಗಳ ಮೆಟ್ಟಿಲು ತೊಳೆಯುತ್ತಾಳೆ. ಒಂದು ಬೆಳಿಗ್ಗೆ ತನ್ನ ಮನೆ ಬಾಗಿಲಲ್ಲೇ ಅಕ್ಕನಿಗೆ ಸಿಕ್ಕಳು. "ಏನಕ್ಕಾ, ನನ್ನ ಸೀಟು ಇನ್ನೂ ಖಾಲಿ ಇದೆಯಾ?" ಎಂದು ನಕ್ಕಳು.

"ಬೈದಿದ್ರೆ ತಡ್ಕೋತಿದ್ದೆ," ಅಕ್ಕ ರಟ್ಟಿನ ಧೂಳು ಕೊಡವುತ್ತಾರೆ. "ನಕ್ಕಳಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ." ಮರುದಿನದಿಂದ ಹಿಂದಿನ ಗಲ್ಲಿ.

ಮುಂದಿನ ವರ್ಷ ಅಕ್ಕನಿಗೆ ನಿವೃತ್ತಿ. ಬೀಳ್ಕೊಡುಗೆ ಬೇಡ, ಶಾಲು ಬೇಡ. ತಮ್ಮ ಜಾಗಕ್ಕೆ ಮೂಲೆಮನೆಯಾಕೆಯನ್ನು ತೆಗೆದುಕೊಳ್ಳಿ ಎಂದು ಕೇಳಿದ್ದಾರೆ. ಮಾಲೀಕರು "ನೋಡೋಣ" ಅಂದಿದ್ದಾರೆ.

"ಈ ಸಲ ಅವರ ಮಾತನ್ನ ಬೀದಿಗೆ ತಗೊಂಡು ಹೋಗಿಲ್ಲ. ಅವಳ ಕೆಲಸದ ಕಾಗದ ಕೈಗೆ ಬರಲಿ. ಅವತ್ತು ಮುಂದಿನ ರಸ್ತೇಲೇ ಹೋಗಿ ಅವಳ ಬಾಗಿಲು ತಟ್ತೀನಿ."