ಶರಲ್‌ಗೆ ಸನ್ಮಾನ

ನಮ್ಮವರಿಗೆ ಸನ್ಮಾನದ ಹುಚ್ಚು. ಮಸ್ಕತ್ತಿನಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಸರಿ, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನಲ್ಲಿ ಗುಣಗಾನ ಮಾಡದೆ ಬಿಡುವವರಲ್ಲ. ಹಾಗಿರುವಾಗ ಅಲ್ ಗುಬ್ರಾದಲ್ಲಿ ನಮ್ಮ ಪಕ್ಕದ ಫ್ಲಾಟಿನ ಶರಲ್‌ಳನ್ನು ಬಿಡುತ್ತಾರೆಯೇ?

ಶರಲ್ ಉಡುಪಿ ಕಡೆಯವಳು, ಕೆಮಿಸ್ಟ್. ಅಲ್ ಖುವೈರ್‌ನ ಒಂದು ಕಂಪೆನಿಯಲ್ಲಿ ಕೆಲಸ. ಸಮುದ್ರದ ನೀರನ್ನು ಸಿಹಿ ಮಾಡುವ ಫಿಲ್ಟರಿಗೆ ಪಾಚಿ ಹಿಡಿಯದಂತೆ ನೆದರ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯ ಹೊಸ ಲೇಪನ ಕಂಡುಹಿಡಿದು, ಇಲ್ಲಿ ಪರೀಕ್ಷಿಸಿ ನೋಡಲು ಅವಳ ಕಂಪೆನಿಗೆ ಕೊಟ್ಟಿತ್ತು. ಅಲ್ಲಿ ಗಟ್ಟಿಯಾಗಿ ನಿಂತದ್ದು ಇಲ್ಲಿನ ಬಿಸಿ ನೀರಿಗೆ ಸುಲಿದು ಬರುತ್ತಿತ್ತು. ಮೊದಲು ಫಿಲ್ಟರನ್ನು ಆಸಿಡ್ಡಿನಲ್ಲಿ ನೆನೆಸಿದರೆ ಲೇಪನ ಹಿಡಿದು ನಿಲ್ಲುತ್ತದೆಂದು ಮಾಡಿ ತೋರಿಸಿದವಳು ಶರಲ್. ಪೇಟೆಂಟಿನಲ್ಲಿ ನಿಮ್ಮ ಹೆಸರೂ ಇರುತ್ತದೆ ಎಂದರು ಅಲ್ಲಿಯವರು. ಅರ್ಜಿ ಹಾಕಿದ ಮೇಲೆ ಯುರೋಪಿನ ಒಂದು ಕಾರ್ಖಾನೆ ಹಕ್ಕು ಕೊಂಡು ಫಿಲ್ಟರು ತಯಾರಿಸುವುದೆಂದು ಮಾತಾಗಿತ್ತು. ಅರ್ಜಿ ಹಾಕುವವರೆಗೆ ಯಾರೂ ಹೊರಗೆ ಬಾಯಿ ಬಿಡಬಾರದು, ಬಿಟ್ಟರೆ ಯುರೋಪಿನಲ್ಲಿ ಪೇಟೆಂಟೇ ಸಿಗದು. ಹಾಗೆಂದು ಅವಳೂ ಸಹಿ ಹಾಕಿದ್ದಳು.

ಆದರೆ ಅವಳ ಗಂಡ ಮೈಕಲನ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ! ಅವನ ಕಂಪೆನಿ ಮುಚ್ಚಿ ವರ್ಷವಾಗಿತ್ತು. ಹೆಂಡತಿಯ ಹೆಚ್ಚುಗಾರಿಕೆ ಹೇಳುವುದೊಂದೇ ಅವನಿಗೆ ಉಳಿದ ಸಂತೋಷ. ಪೇಟೆಂಟಿನ ಸುದ್ದಿ ಸಂಘಕ್ಕೆ ಮುಟ್ಟಿದ್ದೂ ಅವನಿಂದಲೇ. ಇಲ್ಲಿನ ಕೊಂಕಣಿಗರ ಸಂಘದ ಸಮ್ಮಿಲನದಲ್ಲಿ ಅವಳಿಗೆ ಶಾಲು ಹೊದಿಸಿದ್ದೇ ತಡ, ಮೈಕು ಕೈಗೆ ತೆಗೆದುಕೊಂಡು ಯಾವ ಆಸಿಡ್ಡು, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನೆಲ್ಲ ಕೊಂಕಣಿಯಲ್ಲಿ ಸಾಂಗವಾಗಿ ವಿವರಿಸಿದ. ಶರಲ್ ಅವನ ಕೋಟಿನ ತೋಳು ಜಗ್ಗಿದಳು. ನಾಚಿಕೆ ಎಂದುಕೊಂಡು ಅವನು ಇನ್ನಷ್ಟು ಹೇಳಿದ. ಜಾಯ್ಸನ್ ಎಂಬ ಸಂಘದ ಹುಡುಗ ಅದನ್ನು ಫೇಸ್‌ಬುಕ್ಕಿನಲ್ಲಿ ಲೈವ್ ಬಿಟ್ಟ. ಸಾಲದ್ದಕ್ಕೆ ವಿಶ್ವವಿದ್ಯಾಲಯವನ್ನೂ ಟ್ಯಾಗ್ ಮಾಡಿದ.

ಎರಡೇ ದಿನದಲ್ಲಿ ಅಲ್ಲಿಂದ ಮೇಲ್ ಬಂತು. ವಿಡಿಯೊ ನೋಡಿದ್ದೇವೆ, ಭಾಷೆ ಅರ್ಥವಾಗಲಿಲ್ಲ, ಅದರಲ್ಲಿ ಏನು ಹೇಳಿದ್ದಾರೆಂದು ಗುರುವಾರ ಕಾಲ್‌ನಲ್ಲಿ ತಿಳಿಸಿ ಎಂದು. ಶರಲ್ ಅದನ್ನು ಮತ್ತೆ ಮತ್ತೆ ಓದಿದಳು. ಊಟ ಸೇರದು, ನಿದ್ದೆ ಇಲ್ಲ, ಫೋನ್ ಸದ್ದಾದರೆ ಬೆಚ್ಚಿ ಬೀಳುತ್ತಿದ್ದಳು. ಕೆಲಸ ಹೋದರೆ ವೀಸಾ ಹೋಯಿತು, ಇಡೀ ಸಂಸಾರ ಗಂಟುಮೂಟೆ ಕಟ್ಟಬೇಕು. ಮೈಕಲ್ ಮಾತ್ರ, ಅಲ್ಲಿ ಯಾರಿಗೆ ಕೊಂಕಣಿ ಬರುತ್ತದೆ, ನಿನ್ನ ಮೀನುಸಾರು ಹೊಗಳಿದೆ ಎಂದು ಹೇಳಿಬಿಡು ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಫಿಲ್ಟರಿಗೆ ಲೇಪನ ಹಚ್ಚುವ ಬದಲು ಈ ಮನುಷ್ಯನ ಬಾಯಿಗೆ ಹಚ್ಚಬಾರದಿತ್ತೇ!

ಗುರುವಾರ ಶರಲ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕ್ಯಾಮರಾಕ್ಕೆ ಕಾಣದಂತೆ ನನ್ನ ಕೈ ಹಿಡಿದಿದ್ದಳು. ಪರದೆಯ ಮೇಲೆ ವಿಶ್ವವಿದ್ಯಾಲಯದ ಹೆಂಗಸು, ವಿಡಿಯೊದಲ್ಲಿ ಏನಿದೆ ಎಂದು ಮೆಲ್ಲಗೆ ಕೇಳಿದಳು. ಶರಲ್ ಗಂಡ ಆಡಿದ್ದನ್ನೆಲ್ಲ ಆಸಿಡ್ಡಿನ ಹೆಸರು ಸಮೇತ ಇಂಗ್ಲಿಷಿನಲ್ಲಿ ಹೇಳಿದಳು. ಸುಳ್ಳು ಹೇಳಲು ಅವಳಿಗೆ ಇನ್ನೂ ಹೆಚ್ಚು ಭಯ.

ಇದು ನಿಮ್ಮ ಗಂಡನಿಗೆ ಹೇಗೆ ಗೊತ್ತಾಯಿತು ಎಂದಳು ಆ ಹೆಂಗಸು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೈಕಲ್ ಓಡಿಬಂದು ಕ್ಯಾಮರಾದ ಎದುರು ನಿಂತ. ಇವಳು ನನಗೇನೂ ಹೇಳಿಲ್ಲ, ನಾನೇ ಕದ್ದು ಇವಳ ಕಾಗದ ಓದಿದೆ, ತಪ್ಪು ನನ್ನದು ಎಂದ.

ಶರಲ್ ಅವನ ತೋಳು ಹಿಡಿದು ಬದಿಗೆ ಸರಿಸಿದಳು.

"ಇಲ್ಲ, ನಾನೇ ಹೇಳಿದ್ದು. ನನ್ನ ಗಂಡ ಇವರು. ಇವರಿಗಲ್ಲದೆ ಮತ್ತೆ ಯಾರಿಗೆ ಹೇಳ್ಲಿ?"

ಯುರೋಪಿನ ಪೇಟೆಂಟ್ ಕೈಬಿಟ್ಟುಹೋಯಿತು, ಕಾರ್ಖಾನೆಯವರು ಹಿಂದೆ ಸರಿದರು. ಇಲ್ಲಿನ ಮ್ಯಾನೇಜರ್ ಅವಳನ್ನು ಕರೆದು ಖಲಾಸ್ ಎಂದ. ಬರುವ ತಿಂಗಳು ಊರಿಗೆ ಹೊರಡುತ್ತಾರೆ.

ಕೆಲಸ ಹೋದದ್ದನ್ನು ಹೇಗಾದರೂ ತಡೆದುಕೊಳ್ಳಬಹುದು ಎಂದಳು ನಿನ್ನೆ ನನ್ನ ಹತ್ತಿರ. ಊಟಕ್ಕೆ ಕುಳಿತಾಗ ಅವಳು ಏನೋ ಹೇಳಲು ಬಾಯಿ ತೆರೆದಳಂತೆ. ಮೈಕಲ್ ತಟ್ಟೆ ಬಿಟ್ಟು ಎದ್ದುನಿಂತನಂತೆ.

"ಬೇಡ ಶರಲ್. ನನ್ನ ಹತ್ರ ಎಂತದೂ ಹೇಳ್ಬೇಡ."